ಪೆದ್ರು ಮೇಷ್ಟ್ರನ್ನು ಗೋವೆಯಿಂದ ಕರೆತಂದ ಕಥೆ

ಶಿರಾ

ಪೆದ್ರು ಮೇಷ್ಟ್ರ ಜೊತೆ ನಾನು ಗೋವೆಗೆ ಹೊರಟದ್ದು ಅವರ ಪೆಟ್ಟಿಗೆ ಹೊರಲಿಕ್ಕೆ ಎಂದು ಊರಿಗೆಲ್ಲ ಹೇಳಿದ್ದೆ. ಪೆಟ್ಟಿಗೆ ಹೊತ್ತದ್ದೂ ನಿಜ. ಆದರೆ ನಿಜವಾದ ಕೆಲಸವನ್ನು ಕರೀಮ್ ಸಾಬರು ಶಿರಾದಲ್ಲಿ ಮೋಟಾರು ಹೊರಡುವ ಮೊದಲು ನನ್ನ ಕಿವಿಯಲ್ಲಿ ಹೇಳಿದರು.

"ಹೋಗೋದು ಇಬ್ರು, ಬರೋದೂ ಇಬ್ರೇ ಕಣ್ಲಾ ಹನುಮ. ನೀನೊಬ್ನೇ ಬಂದ್ಬುಟ್ಟೆ ಅಂದ್ರೆ ಈ ಊರಾಗೆ ಮೋರೆ ತೋರಿಸ್ಬ್ಯಾಡ."

ಕರೀಮ್ ಸಾಬರು ನಮ್ಮ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವರು. ಮೇಷ್ಟ್ರನ್ನು ಶಿರಾಕ್ಕೆ ಉಳಿಸಿಕೊಟ್ಟವರೂ ಅವರೇ. ಅದಕ್ಕೂ ಹದಿನೆಂಟು ವರ್ಷ ಹಿಂದೆ ಶಿರಾದ ಬಯಲಿನಲ್ಲಿ ಒಂದು ಸರ್ಕಸ್ಸು ಬೀಡು ಬಿಟ್ಟಿತ್ತು. ಅದರಲ್ಲಿ ಕಾರ್ನೆಟ್ ಎಂಬ ಹಿತ್ತಾಳೆ ತುತ್ತೂರಿ ಊದುತ್ತಿದ್ದ ಗೋವೆಯವನಿಗೆ ಚಳಿಜ್ವರ ಬಂತು. ಸರ್ಕಸ್ಸಿನವರು ಆನೆ, ಕುದುರೆ, ಡೇರೆ ಎಲ್ಲವನ್ನೂ ಎಣಿಸಿ ಕಟ್ಟಿಕೊಂಡು ಹೋದರು, ಅವನನ್ನು ಮಾತ್ರ ಬಿಟ್ಟು ಹೋದರು. ಕರೀಮ್ ಸಾಬರು ಜಟಕಾದಲ್ಲಿ ಹಾಕಿಕೊಂಡು ಮನೆಗೆ ತಂದರು. ಮೂರು ತಿಂಗಳು ಗಂಜಿ ಕುಡಿದು ಎದ್ದು ಕೂತಾಗ ಅವನಿಗೆ ಅರ್ಧ ಉರ್ದು, ಅರ್ಧ ನಮ್ಮ ಕನ್ನಡ ಬಂದುಬಿಟ್ಟಿತ್ತು. ಬೇಸರ ಕಳೆಯಲಿಕ್ಕೆ ಆ ಮನೆಯ ಗಂಡಸರಿಗೆ ಊದಲು ಕಲಿಸಿದ. ಹಾಗೆ ಅವನು ಹೋಗಿ ಅವರಾದರು, ಪೆದ್ರು ಹೋಗಿ ಪೆದ್ರು ಮೇಷ್ಟ್ರಾದರು.

ಮೊದಲು ಡೇರೆ ಸಿನಿಮಾದ ಪರದೆ ಮುಂದೆ ಕೂತು ಊದುತ್ತಿದ್ದರು, ಆಗ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ಮಾತು ಬಂದ ಮೇಲೆ ಅಲ್ಲಿ ಇವರ ಬಾಯಿ ಮುಚ್ಚಿಸಿದರು. ಆಮೇಲೆ ಮದುವೆ ಬ್ಯಾಂಡು ಕಟ್ಟಿದರು. ನಾನು ಸೇರಿದ್ದು ಆಗ. ತೋವಿನಕೆರೆಯಲ್ಲಿ ನಮ್ಮಪ್ಪ ವಾಲಗ ಊದುತ್ತಿದ್ದ. ನಾನು ನಾಗಸ್ವರ ಕೆಳಗಿಟ್ಟು ಕ್ಲಾರಿಯೊನೆಟ್ ಹಿಡಿದೆನೆಂದು ಒಂದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ. ಒಟ್ಟು ಹನ್ನೊಂದು ಜನ. ಶಿರಾದಲ್ಲಿ ನಿಕಾಹ್‌ಗೆ ಗಜಲು, ಮಧುಗಿರಿ ಕೊರಟಗೆರೆಯಲ್ಲಿ ನಾಟಕದ ಪದ, ಪಾವಗಡದ ಕಡೆ ತೆಲುಗು ಹಾಡು, ಎಲ್ಲ ಕಡೆಗೂ ಸಿನಿಮಾದ ಹೊಸ ಮಟ್ಟು. ಮೇಷ್ಟ್ರು ಒಮ್ಮೆ ಕೇಳಿದರೆ ಸಾಕು, ಮಾರನೆಯ ದಿನ ನಮಗೆಲ್ಲ ಕಿವಿಯಿಂದ ಕಿವಿಗೆ ದಾಟಿಸುತ್ತಿದ್ದರು. ಬ್ಯಾಂಡು ಇಲ್ಲದೆ ಮದುವೆ ಎಂದರೆ ಒಗ್ಗರಣೆ ಇಲ್ಲದ ಸಾರು ಎಂದು ಜನ ಹೇಳುವಷ್ಟು ಹೆಸರು ಬಂತು.

ಮೊದಮೊದಲು ಒಂದು ಎಡವಟ್ಟಾಗಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಮಧುಗಿರಿಯಲ್ಲಿ ಒಬ್ಬ ವರ್ತಕರ ಮನೆ ಮದುವೆ. ಗಂಡಿನ ದಿಬ್ಬಣ ಬಾಗಿಲಿಗೆ ಬಂತು, ಹೆಂಗಸರು ಆರತಿ ಎತ್ತಿದರು. ಮೇಷ್ಟ್ರು ತಮ್ಮ ದೇಶದ ರೂಢಿಯಂತೆ ಪದ ಮುಗಿದ ತಕ್ಷಣ ಕೈ ಇಳಿಸಿದರು, ನಾವೂ ನಿಲ್ಲಿಸಿದೆವು. ಆರತಿ ಇನ್ನೂ ಮೇಲೇ ಇತ್ತು. ಬಾಜಾ ನಿಂತ ಆ ಚಣದಲ್ಲಿ ಯಾರೋ ಸೀನಿದರು. ಬಾಜಾ ಇರುವುದೇ ಅಂಥ ಅಪಶಕುನದ ಸದ್ದು ಕಿವಿಗೆ ಬೀಳದಿರಲಿ ಎಂದು. ಹೆಣ್ಣಿನ ಅಜ್ಜಿ ಹೊಸ್ತಿಲಲ್ಲೇ ಕೂತುಬಿಟ್ಟಳು. ಮದುವೆ ನಿಲ್ಲಲಿಲ್ಲ, ಆದರೆ ನಮಗೆ ಊಟ ಹಾಕಲಿಲ್ಲ. ಹಸಿದುಕೊಂಡು ಶಿರಾ ದಾರಿಯಲ್ಲಿ ನಡೆಯುವಾಗ ಮೇಷ್ಟ್ರು ಎರಡು ಕಟ್ಟಳೆ ಮಾಡಿದರು.

"ಇನ್ಮೇಲೆ ದೀಪ ಮೇಲಿರೋವರ್ಗೂ ಬಾಜಾ ನಿಲ್ಲಂಗಿಲ್ಲ. ಪದ ಮುಗಿದ್ರೆ ಮೊದ್ಲಿಂದ ಊದಿ. ಇನ್ನೊಂದು, ಯಾವನಾದ್ರೂ ತಪ್ಪಿ ಮುಂದಕ್ಕೆ ಹೋದ ಅನ್ನಿ, ಎಲ್ಲಾರೂ ಅವನ ಹಿಂದೇನೇ ಹೋಗಿ. ನಡುಬೀದೀಲಿ ಒಬ್ಬನ್ನೇ ಬಿಡಬ್ಯಾಡಿ."

ಆ ಎರಡು ಕಟ್ಟಳೆಯನ್ನು ಹದಿನಾಲ್ಕು ವರ್ಷದಲ್ಲಿ ನಾವು ಒಮ್ಮೆಯೂ ಮುರಿಯಲಿಲ್ಲ.

ಈಗ ಗೋವೆಯಿಂದ ಅಣ್ಣನ ಕಾಗದ ಬಂದಿತ್ತು. ಅವರ ಹಳ್ಳಿಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಗೀತ ಕಲಿಸುವ ಗುರುವಿಗೆ ವಯಸ್ಸಾಗಿದೆಯಂತೆ. ಆ ಜಾಗಕ್ಕೆ ಪೆದ್ರು ಬರಲಿ, ಹಬ್ಬದ ದಿನ ಎಲ್ಲರೆದುರು ಒಮ್ಮೆ ಮೇಳ ನಡೆಸಿ ತೋರಿಸಲಿ, ಸರಿಹೋದರೆ ಮನೆ ಸಮೇತ ಕೆಲಸ. ಮೇಷ್ಟ್ರು ಇದನ್ನು ಕರೀಮ್ ಸಾಬರಿಗೆ ಮಾತ್ರ ಹೇಳಿದರು. ಸಾಬರು ನನಗೆ ಮಾತ್ರ ಹೇಳಿದರು. ಉಳಿದವರಿಗೆಲ್ಲ ಮೇಷ್ಟ್ರು ಹಬ್ಬ ನೋಡಿಕೊಂಡು ಬರುತ್ತಾರೆ, ಅಷ್ಟೇ. ಅವರು ಬರದಿದ್ದರೆ ವೈಶಾಖದ ಹೊತ್ತಿಗೆ ಬ್ಯಾಂಡು ಇರುವುದಿಲ್ಲ ಎಂದು ನನಗೂ ಸಾಬರಿಗೂ ಚೆನ್ನಾಗಿ ಗೊತ್ತಿತ್ತು.

ಕುಳೇಂ

ತುಮಕೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದೆವು. ಹುಬ್ಬಳ್ಳಿಯ ಚಹಾದವನ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವನಿಗೆ ಅಷ್ಟೂ ತಿಳಿಯಲಿಲ್ಲ. ಪರದೇಶ ಅಲ್ಲಿಂದಲೇ ಶುರುವಾಯಿತು ಅನ್ನಿಸಿತು. ಮೇಷ್ಟ್ರು ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು ತುಟಿ ಅಲ್ಲಾಡಿಸುತ್ತಿದ್ದರು. ಮಂತ್ರ ಹೇಳುತ್ತಿದ್ದಾರೆಂದು ಎದುರಿಗೆ ಕೂತ ಮುದುಕಿ ಕೈ ಮುಗಿದಳು. ಅವರು ಮರೆತಿದ್ದ ತಮ್ಮೂರ ಭಾಷೆಯ ಮಾತುಗಳನ್ನು ನೆನಪು ಮಾಡಿಕೊಳ್ಳುತ್ತಿದ್ದರು.

ಘಟ್ಟ ಇಳಿಯುವಾಗ ಹಳಿಯ ಪಕ್ಕದಲ್ಲೇ ಒಂದು ಜಲಪಾತ ಸುರಿಯುತ್ತಿತ್ತು. ಬಾವಿಯ ನೀರಿಗೂ ಸರದಿ ನಿಲ್ಲುವ ಸೀಮೆಯವನು ನಾನು. ಅಷ್ಟು ನೀರು ಯಾರಿಗೂ ಬೇಡವಾಗಿ ಬೀಳುತ್ತಿರುವುದನ್ನು ನೋಡಿ ನನಗೆ ಸಂತೋಷಕ್ಕಿಂತ ಸಿಟ್ಟೇ ಬಂತು.

ಘಟ್ಟದ ಬುಡದಲ್ಲಿ ಕುಳೇಂ ಎಂಬ ಸ್ಟೇಷನ್ನು. ಅಲ್ಲಿಂದಾಚೆ ಪೋರ್ಚುಗೀಸರ ರಾಜ್ಯ. ನಮ್ಮ ಪಾವಗಡಕ್ಕೆ ಮದುವೆಗೆ ಹೋಗುವಾಗ ಮೈಸೂರು ಸೀಮೆ ದಾಟಿ, ಇಂಗ್ಲಿಷರ ಸೀಮೆ ಹೊಕ್ಕು, ಮತ್ತೆ ಮೈಸೂರು ಸೀಮೆಗೆ ಬರುತ್ತಿದ್ದೆವು. ಗಡಿಯಲ್ಲಿ ನಮ್ಮನ್ನು ತಡೆಯುತ್ತಿದ್ದದ್ದು ಕುರಿಮಂದೆ ಮಾತ್ರ. ಗಡಿ ಎಂದರೆ ನನಗೆ ಅಷ್ಟೇ ಗೊತ್ತಿದ್ದದ್ದು. ಇಲ್ಲಿ ಎಲ್ಲರನ್ನೂ ಇಳಿಸಿ, ಉದ್ದನೆಯ ಮೇಜಿನ ಮೇಲೆ ಗಂಟು ಬಿಚ್ಚಿಸಿದರು. ದಪ್ಪ ಮೀಸೆಯ ಸುಂಕದವನೊಬ್ಬ ನನ್ನ ರಾಗಿಹಿಟ್ಟಿನ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದ, ಮೂಸಿದ, ಸೀನಿದ, ಮತ್ತೊಬ್ಬನನ್ನು ಕರೆದ. ಅವನೂ ಮೂಸಿ ಸೀನಿದ. ತಿನ್ನುವುದು ಎಂದು ಕೈಸನ್ನೆ ಮಾಡಿದೆ. ಇಬ್ಬರೂ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು.

ಆಮೇಲೆ ವಾದ್ಯಗಳು ಕಣ್ಣಿಗೆ ಬಿದ್ದವು. ಮಾರಲಿಕ್ಕೆ ತಂದಿದ್ದೀರಿ ಎಂದು ಮೀಸೆಯವನು ಪಟ್ಟು ಹಿಡಿದ. ರೈಲು ಸಿಳ್ಳೆ ಹಾಕಿತು. ಮೇಷ್ಟ್ರು ಕಾರ್ನೆಟ್ ಎತ್ತಿ, ಅವರ ಸಿಪಾಯಿಗಳ ನಡಿಗೆಯ ಒಂದು ಮಟ್ಟನ್ನು ನಾಲ್ಕೇ ಉಸಿರಿನಲ್ಲಿ ಊದಿದರು. ಮೀಸೆಯವನ ಹಿಮ್ಮಡಿ ತಾನಾಗಿ ಕೂಡಿತು. ಅವನು ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದ. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ಉತ್ತರ ಕೊಟ್ಟರು.

"ಏನಂದ್ರಿ ಮೇಷ್ಟ್ರೇ?" ಎಂದೆ, ರೈಲು ಹತ್ತಿದ ಮೇಲೆ.

"ಇವನು ನನ್ನೋನು, ನಾನು ಊದಿದ್ರೆ ಇವನು ಊದಿದಂಗೆ ಅಂದೆ."

ಆ ಮಾತು ಕಿವಿಗೆ ಹಿತವಾಗಿತ್ತು. ಅದೇ ಕಿವಿಯಲ್ಲಿ ಕರೀಮ್ ಸಾಬರ ಮಾತೂ ಕೂತಿತ್ತು.

ಅಣ್ಣನ ಮನೆ

ಮಡಗಾಂವ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ಮೇಷ್ಟ್ರ ಹಳ್ಳಿ. ಗೋವೆಯವರು ಮನೆ ಕಟ್ಟುವುದು ಒಳಗೆ ಇರಲಿಕ್ಕಲ್ಲ, ಹೊರಗೆ ಕೂರಲಿಕ್ಕೆ. ಪ್ರತಿ ಬಾಗಿಲ ಮುಂದೆ ಎದುರು ಬದುರು ಕಲ್ಲಿನ ಜಗಲಿ, ಅದರ ಮೇಲೆ ಸಾಯಂಕಾಲವೆಲ್ಲ ಮನೆಮಂದಿ. ಕಿಟಕಿಗೆ ಗಾಜಿನ ಬದಲು ತೆಳ್ಳಗೆ ಉಜ್ಜಿದ ಚಿಪ್ಪು. ನಡುಹಗಲಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ನಮ್ಮಲ್ಲಿ ಆ ಹೊತ್ತಿನಲ್ಲಿ ಮಲಗಿದವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾರೆ.

ಅಣ್ಣ ಕಾಯ್ತಾನ್ ಮುಂಬಯಿಯ ಹಡಗಿನಲ್ಲಿ ಅಡಿಗೆಯವನಾಗಿದ್ದವನು, ಹಿಂದೂಸ್ತಾನಿ ಬಲ್ಲ. ಶಿರಾದ ಉರ್ದು ಇಟ್ಟುಕೊಂಡು ನಾನು ಅವನೊಡನೆ ಮಾತಾಡಬಹುದಾಗಿತ್ತು. ತಮ್ಮನನ್ನು ಅಪ್ಪಿಕೊಂಡು ಅತ್ತ. ಆಮೇಲೆ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ನೇರವಾಗಿ ಹೇಳಿದ.

"ನೀನು ಒಳ್ಳೆಯವನ ಥರ ಕಾಣ್ತೀಯ. ಅದಕ್ಕೇ ಹೇಳ್ತೀನಿ. ಪೆದ್ರು ನಿನ್ನ ಜೊತೆ ವಾಪಸು ಬರೋದಿಲ್ಲ. ನೀನು ಬೇಕಾದಷ್ಟು ತೆಂಗಿನಕಾಯಿ ತಗೊಂಡು ಹೋಗು."

"ಅವರು ಹಾಗೆ ಹೇಳಿದ್ರಾ?"

"ಹೇಳಬೇಕಾ? ಹದಿನೆಂಟು ವರ್ಷ ನಿಮ್ಮೂರಲ್ಲಿ ಬೀದಿಯಲ್ಲಿ ನಿಂತು ಊದಿದ್ದಾನೆ. ಇಲ್ಲಿ ಅವನಿಗೆ ಕುರ್ಚಿ ಇದೆ."

ನಾನು ನೀರು ಸೇದುವ ಹಗ್ಗವನ್ನು ನೋಡುತ್ತಾ ನಿಂತೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನಗೆ ಕಷ್ಟವಾದದ್ದು.

ಅಭ್ಯಾಸದ ಮೂರು ದಿನ

ಇಗರ್ಜಿಯಲ್ಲಿ ಮೇಳದವರು ನಿಲ್ಲುವುದು ಮೇಲೆ, ಮರದ ಅಟ್ಟದ ಮೇಲೆ. ಪಿಟೀಲು ಆರು, ಕ್ಲಾರಿಯೊನೆಟ್ ಎರಡು, ಆಳೆತ್ತರದ ಒಂದು ದೊಡ್ಡ ಪಿಟೀಲು, ಹಾಡುವವರ ಗುಂಪು. ಎಲ್ಲರ ಮುಂದೂ ಹಾಳೆ. ಆ ಹಾಳೆಯ ಗೆರೆಗಳ ಮೇಲೆ ಇರುವೆ ಸಾಲಿನ ಹಾಗೆ ಚುಕ್ಕಿ. ಅದನ್ನು ನೋಡಿಕೊಂಡು, ಎಂದೂ ಕೇಳದ ಪದವನ್ನು ಎಲ್ಲರೂ ಒಟ್ಟಿಗೆ ನುಡಿಸುತ್ತಾರೆ. ಅಲ್ಲಿ ಅಕ್ಷರಕ್ಕೆ ಮೊದಲು ಸ್ವರ ಕಲಿಸುತ್ತಾರಂತೆ. ನನಗೆ ಒಂದು ಬಗೆಯ ಭಯವಾಯಿತು.

ಎರಡನೆಯ ಕ್ಲಾರಿಯೊನೆಟ್ಟಿನವನು ಅದೇ ವಾರ ಹಡಗು ಹತ್ತಿದ್ದ. ಆ ಜಾಗಕ್ಕೆ ನನ್ನನ್ನು ನಿಲ್ಲಿಸೋಣ ಎಂದರು ಮೇಷ್ಟ್ರು. ಪಾದ್ರಿಗಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಬೇರೆ ದಾರಿಯಿಲ್ಲದೆ ಒಪ್ಪಿದರು. ನನ್ನ ಮುಂದೂ ಒಂದು ಹಾಳೆ ಇಟ್ಟರು. ಪಕ್ಕದವನು ತಿರುವಿದಾಗ ನಾನೂ ತಿರುವುತ್ತಿದ್ದೆ. ಪದಗಳನ್ನು ಎರಡು ಸಲ ಕೇಳಿ ಕಿವಿಗೆ ಇಳಿಸಿಕೊಂಡಿದ್ದೆ.

ಮುದಿ ಗುರು ಎತ್ತರದ ಕುರ್ಚಿಯಲ್ಲಿ ಕೂರುತ್ತಿದ್ದ. ಕಣ್ಣು ಹೋಗಿತ್ತು, ಕಿವಿ ಇತ್ತು. ಪದದ ಕೊನೆಯ ಸ್ವರಕ್ಕೆ ಸರಿಯಾಗಿ ಕೋಲನ್ನು ಒಮ್ಮೆ ಹಲಗೆಗೆ ತಟ್ಟುತ್ತಿದ್ದ. ತಟ್ಟಿದರೆ ಮುಗಿಯಿತು, ಆಮೇಲೆ ಉಸಿರೂ ಕೇಳಬಾರದು.

ಮೊದಲ ದಿನ ಅವನು ಮೇಷ್ಟ್ರನ್ನು ಏಳು ಸಲ ತಡೆದ. ಮೇಷ್ಟ್ರು ಒಂದು ಸ್ವರದಿಂದ ಇನ್ನೊಂದಕ್ಕೆ ನಮ್ಮ ವಾಲಗದವರ ಹಾಗೆ ಜಾರುತ್ತಿದ್ದರು. ಅದು ನಮ್ಮಿಂದ ಅಂಟಿದ್ದು. ಮೆಟ್ಟಿಲು ಇರುವಾಗ ಜಾರಬೇಡ, ಇಳಿ ಎಂದನಂತೆ ಗುರು. ಎರಡನೆಯ ದಿನ ಮೂರು ಸಲ ತಡೆದ. ಮೂರನೆಯ ದಿನ ತಡೆಯಲಿಲ್ಲ. ಕಾರ್ನೆಟ್ಟಿನಿಂದ ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ ಬಂತು, ಮುದುಕ ತಲೆಯಾಡಿಸಿದ. ಬಾಲ್ಯದ ಗೆಳೆಯರು ಮೇಷ್ಟ್ರ ಬೆನ್ನು ಗುದ್ದಿದರು. ಹದಿನಾಲ್ಕು ವರ್ಷದಲ್ಲಿ ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸಾಯಂಕಾಲ ಜಗಲಿಯ ಮೇಲೆ ನಾವಿಬ್ಬರೇ ಇದ್ದೆವು.

"ಹನುಮ, ಒಂದು ಮಾತು ಹೇಳ್ಲಾ? ಇಲ್ಲಿ ನಾನು ಕಣ್ಣು ಮುಚ್ಚಿಕೊಂಡು ಊದಬೋದು. ಅಲ್ಲಿ ಹದಿನಾಲ್ಕು ವರ್ಷ ಜನಗಳ ಕೈ ನೋಡ್ಕಂಡೇ ಊದಿದೀನಿ. ಯಾರು ಆರತಿ ಎತ್ತಿದ್ರು, ಯಾರು ಬೀಗರಿಗೆ ಎದ್ದು ನಿಂತ್ರು ಅಂತ."

"ಹಂಗಾದ್ರೆ ಇಲ್ಲೇ ಇದ್ಬುಡ್ತೀರಾ ಮೇಷ್ಟ್ರೇ?"

ಅವರು ಬೆಚ್ಚಿ ನನ್ನ ಕಡೆ ತಿರುಗಿದರು. ಅಣ್ಣನ ಕಾಗದದ ಸಂಗತಿ ನನಗೆ ಗೊತ್ತಿದೆ ಎಂದು ಅವರಿಗೆ ತಿಳಿದದ್ದು ಆಗಲೇ.

"ನಾಳೆ ಆಗ್ಲಿ ಬುಡು," ಎಂದರು.

ಹಬ್ಬದ ಬೆಳಿಗ್ಗೆ

ಇಗರ್ಜಿ ಕಿಕ್ಕಿರಿದಿತ್ತು. ಹೆಂಗಸರ ತಲೆಯ ಮೇಲೆ ಬಿಳಿಯ ಮುಸುಕು, ಗಂಡಸರಿಗೆ ಆ ಸೆಕೆಯಲ್ಲೂ ಕರಿಯ ಕೋಟು. ನಮ್ಮ ದೇವಸ್ಥಾನಗಳ ಗದ್ದಲಕ್ಕೆ ಒಗ್ಗಿದ ನನಗೆ ಅಷ್ಟು ಜನ ಸೇರಿಯೂ ಸದ್ದಿಲ್ಲದಿರುವುದು ತಡೆಯಲಾರದಂತಾಗಿತ್ತು. ಮೇಷ್ಟ್ರು ಗುರುವಿನ ಪಕ್ಕದಲ್ಲಿ ನಿಂತು ಕೈಯಾಡಿಸಿ ಮೇಳ ನಡೆಸುತ್ತಿದ್ದರು, ನಡುನಡುವೆ ಕಾರ್ನೆಟ್ ಎತ್ತಿ ಊದುತ್ತಿದ್ದರು. ಒಂದೊಂದು ಪದ ಮುಗಿದಾಗಲೂ ಕೆಳಗಿನ ಜನ ಕತ್ತು ತಿರುಗಿಸಿ ಮೇಲೆ ನೋಡುತ್ತಿದ್ದರು. ಕಾಯ್ತಾನ್ ಮೊದಲ ಸಾಲಿನಲ್ಲಿ ಎದೆಯುಬ್ಬಿಸಿ ಕೂತಿದ್ದ. ಉಳಿದದ್ದು ಒಂದೇ ಒಂದು ಪದ.

ಆ ಪದ ನಡೆಯುವಾಗ ಪಾದ್ರಿಗಳು ಸರಪಳಿಯಲ್ಲಿ ಧೂಪದ ಬಟ್ಟಲು ತೂಗುತ್ತಿದ್ದರು. ಅವರ ಎರಡೂ ಪಕ್ಕಕ್ಕೆ ಇಬ್ಬರು ಮೊಳದುದ್ದದ ಮೇಣದ ದೀಪಗಳನ್ನು ಎತ್ತಿ ಹಿಡಿದರು. ಪದ ಕೊನೆಗೆ ಬಂತು. ಗುರು ಕೋಲು ತಟ್ಟಿದ. ಮೇಳ ಒಟ್ಟಿಗೆ ನಿಂತಿತು.

ನಾನು ನಿಲ್ಲಿಸಲಿಲ್ಲ.

ದೀಪ ಮೇಲೇ ಇತ್ತು. ನನ್ನ ಕ್ಲಾರಿಯೊನೆಟ್ ಪದವನ್ನು ಮೊದಲಿನಿಂದ ಎತ್ತಿಕೊಂಡಿತು. ಆ ದೊಡ್ಡ ಕಟ್ಟಡದಲ್ಲಿ ಅದೊಂದೇ ಸದ್ದು. ಪಿಟೀಲಿನವರು ಬಾಯಿಬಿಟ್ಟು ನೋಡಿದರು, ಪಕ್ಕದವನು ನನ್ನ ತೋಳು ಚಿವುಟಿದ, ಕೆಳಗೆ ನೂರಾರು ಬಿಳಿ ಮುಸುಕುಗಳು ತಿರುಗಿದವು. ಮುದುಕ ಕೋಲನ್ನು ಎರಡನೆಯ ಸಲ ತಟ್ಟಿದ, ಮೂರನೆಯ ಸಲ ಕುಟ್ಟಿದ.

ನಾನು ಮೇಷ್ಟ್ರನ್ನೇ ನೋಡುತ್ತಿದ್ದೆ. ಅವರ ಕೈ ಗಾಳಿಯಲ್ಲಿ ನಿಂತಿತ್ತು. ಅದನ್ನು ಇಳಿಸಿ ಒಮ್ಮೆ ಕಣ್ಣು ಕೆಕ್ಕರಿಸಿದ್ದರೆ ನಾನು ನಿಲ್ಲಿಸುತ್ತಿದ್ದೆ. ಪರದೇಶದ ದಡ್ಡನೊಬ್ಬ ತಪ್ಪಿದ ಎಂದು ನಾಲ್ಕು ಜನ ನಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅವರು ಮುದುಕನನ್ನು ನೋಡಿದರು. ಕೆಳಗೆ ಅಣ್ಣನನ್ನು ನೋಡಿದರು. ಆಮೇಲೆ ಕಾರ್ನೆಟ್ ಎತ್ತಿ ತುಟಿಗಿಟ್ಟು ನನ್ನ ಹಿಂದೆ ಬಂದರು.

ಬಂದರು ಅಂದರೆ ಬರೀ ಬರಲಿಲ್ಲ. ತೊಳೆದಿಟ್ಟ ಸ್ವರಗಳನ್ನೆಲ್ಲ ಬಿಟ್ಟು, ಜಾರಿಸಿ, ಎಳೆದು, ಮಧುಗಿರಿಯ ಬೀದಿಯಲ್ಲಿ ದಿಬ್ಬಣದ ಮುಂದೆ ಊದುವ ಹಾಗೆ ಊದಿದರು. ದೀಪ ಇಳಿಯುವ ತನಕ ಇಬ್ಬರೇ ಊದಿದೆವು. ದೀಪ ಇಳಿಯಿತು, ನಿಲ್ಲಿಸಿದೆವು. ಯಾರೂ ಸೀನಲಿಲ್ಲ.

ಪೂಜೆ ಮುಗಿದ ಮೇಲೆ ಅಟ್ಟದ ಮೆಟ್ಟಿಲ ಬಳಿ ಮುದುಕ ಮೇಷ್ಟ್ರ ಮುಖವನ್ನು ಎರಡೂ ಕೈಯಿಂದ ತಡವಿ ಏನೋ ಹೇಳಿದ. ಬೈಗುಳದ ದನಿಯಲ್ಲ. ಅದನ್ನು ನನಗೆ ಹಿಂದೂಸ್ತಾನಿಯಲ್ಲಿ ಎಸೆದವನು ಕಾಯ್ತಾನ್.

"ಪೆದ್ರು ನಮ್ಮವನು, ಅವನ ಕಿವಿ ನಮ್ಮದಲ್ಲ, ಅಂದ್ರು. ಕೆಲಸ ಪಕ್ಕದ ಹಳ್ಳಿಯ ಪಿಟೀಲಿನವನಿಗೆ. ಈಗ ಸಂತೋಷ ಆಯ್ತಾ ನಿಂಗೆ?"

"ನಮ್ಮಲ್ಲಿ ಆರತಿ ಇಳಿಯೋವರೆಗೆ ನಿಲ್ಲಿಸೋದಿಲ್ಲ. ಅಭ್ಯಾಸ. ಕೈ ತಾನೇ ಹೋಯ್ತು," ಎಂದೆ.

ಪಾದ್ರಿಗಳಿಗೂ ಅದನ್ನೇ ಹೇಳಿದೆ, ಮೇಷ್ಟ್ರಿಗೂ ಅದನ್ನೇ ಹೇಳಿದೆ. ಎಲ್ಲರೂ ನಂಬಿದರು. ಮೇಷ್ಟ್ರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ ತಮ್ಮ ಪೆಟ್ಟಿಗೆಯನ್ನು ತಾವೇ ಕಟ್ಟಿದರು, ನನಗೆ ಹೊರಲು ಕೊಡಲಿಲ್ಲ. ಅಣ್ಣನ ಹೆಂಡತಿ ಮಾತ್ರ ನನ್ನ ಉಳಿದ ರಾಗಿಹಿಟ್ಟನ್ನು ಬೇರೆ ಬಟ್ಟೆಯಲ್ಲಿ ಜೋಪಾನವಾಗಿ ಕಟ್ಟಿ ಕೊಟ್ಟಳು. ಆ ಗಂಟು ಕೈಗೆ ತೆಗೆದುಕೊಳ್ಳುವಾಗ ನನಗೆ ತಲೆಯೆತ್ತಲು ಆಗಲಿಲ್ಲ.

ಮತ್ತೆ ಕುಳೇಂ

ಗಾಡಿ ಕುಳೇಂ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅದೇ ಉದ್ದನೆಯ ಮೇಜು, ಅದೇ ಮೀಸೆ. ನಮ್ಮ ಗುರುತು ಹಿಡಿದು ನಕ್ಕ. ಇನ್ನೊಬ್ಬ ಸುಂಕದವನನ್ನು ಕರೆದು, ಪೆಟ್ಟಿಗೆಯೊಳಗೆ ಕಾಣಲೆಂದು ಲಾಂದ್ರವನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ಊದಿ ಎಂದು ಸನ್ನೆ ಮಾಡಿದ. ಅವನಿಗೆ ಈ ಸಲ ಅನುಮಾನವಿರಲಿಲ್ಲ, ಕೇಳುವ ಆಸೆ ಇತ್ತು.

"ನನ್ನ ತುಟಿ ಒಣಗಿದೆ, ನೀನೇ ಊದು," ಎಂದರು ಮೇಷ್ಟ್ರು.

ಆ ಸುಂಕದವರ ಸೀಮೆಯ ಮಟ್ಟು ಎಂದು ನನಗೆ ಹೊಳೆದದ್ದು ಇಗರ್ಜಿಯ ಆ ಕೊನೆಯ ಪದವೊಂದೇ. ಊದಿದೆ. ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಸ್ವರ ಇಳಿಸಿ, ಗುರು ಕೋಲು ತಟ್ಟುವ ಜಾಗಕ್ಕೆ ಬಂದು, ಸರಿಯಾಗಿ ಅಲ್ಲಿ ನಿಲ್ಲಿಸಿದೆ. ಸುಂಕದವರು ಚಪ್ಪಾಳೆ ತಟ್ಟಿ ನಮ್ಮ ಗಂಟುಗಳನ್ನು ಮುಟ್ಟದೆ ಬಿಟ್ಟರು.

ರೈಲು ಹತ್ತಿ ಕೂತೆವು. ಡಬ್ಬಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇಂಜಿನ್ನು ಏದುಸಿರು ಬಿಡುತ್ತಾ ಘಟ್ಟ ಹತ್ತತೊಡಗಿತು.

"ಹನುಮ, ನೀನು ನಿಲ್ಲಿಸ್ದಾಗ ಅವನು ಲಾಂದ್ರ ಇನ್ನೂ ಮೇಲೇ ಹಿಡಿದಿದ್ನಲ್ಲ," ಎಂದರು ಮೇಷ್ಟ್ರು.

ನಾನು ಕ್ಲಾರಿಯೊನೆಟ್ಟನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ.

"ಆವತ್ತು ಕೋಲು ತಟ್ಟಿದ್ದು ನಿಂಗೆ ಕೇಳಿಸಿತ್ತಾ?"

ಕಿಟಕಿಯ ಹೊರಗೆ ಎಲ್ಲೋ ನೀರು ಸುರಿಯುವ ಸದ್ದು ಬರುತ್ತಿತ್ತು. ಸುಳ್ಳು ಹೇಳಲು ಬೇಕಾದಷ್ಟು ಹೊತ್ತು ಅವರು ನನಗೆ ಕೊಟ್ಟರು.

"ಕೇಳಿಸ್ತು ಮೇಷ್ಟ್ರೇ. ನೀವು ನನ್ನ ಒಬ್ಬನ್ನೇ ಬುಡಾಕಿಲ್ಲ ಅಂತಾನೂ ಗೊತ್ತಿತ್ತು. ಗೊತ್ತಿದ್ದೇ ಊದ್ಬುಟ್ಟೆ."

ಹೇಳಿಬಿಟ್ಟು ಅತ್ತೆ. ಅವರು ಕಾರ್ನೆಟ್ಟಿನ ಬಾಯಿಯನ್ನು ಕಳಚಿ, ಪಂಚೆಯ ತುದಿಯಿಂದ ಒರೆಸಿ, ಜೇಬಿಗೆ ಹಾಕಿಕೊಂಡರು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸುವಾಗಲೂ ತಮ್ಮ ಪೆಟ್ಟಿಗೆಯನ್ನು ತಾವೇ ಹೊತ್ತರು. ತುಮಕೂರಿನಲ್ಲಿ ಇಳಿದು ಶಿರಾ ಮೋಟಾರಿಗೆ ಕಾಯುವಾಗ ತಮ್ಮ ಪೆಟ್ಟಿಗೆಯನ್ನು ನನ್ನ ಕಡೆ ದೂಡಿದರು.

"ತಗೋ, ಹೊತ್ಕೋ. ಕರೀಮ್‌ಗೆ ಇದ್ಯಾವ್ದೂ ಹೇಳಬ್ಯಾಡ. ಕುರ್ಚಿ ಕೊಡ್ತೀವಿ ಅಂದ್ರೂ ಬ್ಯಾಡ ಅಂದು ನಾನೇ ಬಂದೆ ಅಂತ ಹೇಳು."

ಶಿರಾದಲ್ಲಿ ಮೋಟಾರು ನಿಂತಾಗ ಕರೀಮ್ ಸಾಬರು ಮರದ ಕೆಳಗೆ ಕಾದಿದ್ದರು. ಇಬ್ಬರನ್ನೂ ನೋಡಿ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಮೇಷ್ಟ್ರು ಹೇಳಿಕೊಟ್ಟದ್ದನ್ನು ನಾನು ಹಾಗೇ ಒಪ್ಪಿಸಿದೆ. ಅಂದಿನಿಂದ ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಎಲ್ಲಿ ಮದುವೆಗೆ ಹೋದರೂ ಸಾಬರು ಊಟದ ಪಂಕ್ತಿಯಲ್ಲಿ ಅದನ್ನೇ ಹೇಳುತ್ತಿದ್ದರು, ಕುರ್ಚಿ ಬಿಟ್ಟು ಬಂದ ಮೇಷ್ಟ್ರು ಎಂದು. ಮೇಷ್ಟ್ರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಪಕ್ಕದ ಎಲೆಯಲ್ಲಿ ಕೂತ ನಾನು ಹೌದು ಹೌದು ಎನ್ನುತ್ತಿದ್ದೆ.